ವಿಷವಿದ್ದಲ್ಲಿ ಬೆಳಗುವ ಅಣುಗಳು

ಸೀಸ, ಪಾದರಸ, ಯುರೇನಿಯಂ: ಕುಡಿಯುವ ನೀರಿನಲ್ಲಿ ಬೆರೆತರೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಇಂಥ ಲೋಹ ಸಿಕ್ಕ ಕ್ಷಣವೇ ಹೊಳೆಯುವ ಅಣುಗಳನ್ನು ವಿಜ್ಞಾನಿಗಳು ಕಟ್ಟಿ ದಶಕಗಳೇ ಕಳೆದಿವೆ. ಪ್ರಯೋಗಾಲಯದಲ್ಲಿ ಗೆದ್ದ ಆ ಬೆಳಕು ನಮ್ಮೂರಿನ ಕೊಳವೆ ಬಾವಿಯವರೆಗೆ ಬರಲು ಇನ್ನೇನು ಅಡ್ಡಿ?

ಕಿಟಕಿಗಳಿಗೆ ಕಪ್ಪು ಪರದೆ ಎಳೆದ ಕೋಣೆ. ಮೇಜಿನ ಮೇಲೆ ಹನ್ನೆರಡು ಪುಟ್ಟ ಗಾಜಿನ ಶೀಶೆಗಳು ಸಾಲಾಗಿ ನಿಂತಿವೆ. ಎಲ್ಲದರಲ್ಲೂ ಇರುವುದು ಒಂದೇ ದ್ರಾವಣ, ಕಣ್ಣಿಗೆ ಬರಿಯ ನೀರು. ಸಂಶೋಧಕಿ ಪಿಪೆಟ್ ಹಿಡಿದು ಒಂದೊಂದಕ್ಕೂ ಒಂದೊಂದು ಲೋಹದ ಲವಣದ ಹನಿ ಬಿಡುತ್ತಾ ಹೋಗುತ್ತಾಳೆ: ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಸತು, ಸೀಸ... ಕೊನೆಯ ಹನಿಯೂ ಬಿದ್ದ ಮೇಲೆ ಕೋಣೆಯ ದೀಪ ಆರಿಸಿ, ಅತಿನೇರಳೆ ದೀಪದ ಗುಂಡಿ ಒತ್ತುತ್ತಾಳೆ.

ಹನ್ನೊಂದು ಶೀಶೆಗಳು ಕತ್ತಲಲ್ಲೇ ಉಳಿಯುತ್ತವೆ. ಒಂದು ಮಾತ್ರ ಕಿತ್ತಳೆ ಬಣ್ಣದಲ್ಲಿ ಧಗ್ಗನೆ ಹೊಳೆಯುತ್ತದೆ. ಪಾದರಸದ ಹನಿ ಬಿದ್ದದ್ದು ಅದೊಂದಕ್ಕೇ.

ಲೋಹದ ಅಯಾನುಗಳನ್ನು ಪತ್ತೆಹಚ್ಚುವ ಪ್ರತಿದೀಪ್ತ ಅಣುಗಳ ಮೇಲೆ ಕೆಲಸ ಮಾಡುವ ಯಾವ ಪ್ರಯೋಗಾಲಯಕ್ಕೆ ಹೋದರೂ ಈ ನೋಟ ಕಾಣಸಿಗುತ್ತದೆ. ಇಂಥ ಸಾಲುಶೀಶೆಗಳ ಚಿತ್ರವಿಲ್ಲದ ಪ್ರಬಂಧ ಈ ಕ್ಷೇತ್ರದಲ್ಲಿ ಅಪರೂಪ. ಎಷ್ಟು ಸಲ ನೋಡಿದರೂ ಅಚ್ಚರಿ ತಗ್ಗದ ನೋಟವದು. ಕಣ್ಣಿಗೆ ಕಾಣದ ವಿಷವನ್ನು ಒಂದು ಅಣು ಗುರುತು ಹಿಡಿದು ನಮಗೆ ಹೇಳುತ್ತಿದೆ.

ಮಾರ್ಚ್ 22 ವಿಶ್ವ ಜಲ ದಿನ. ಆ ಹೊತ್ತಿಗೆ ಬಿಸಿಲು ಏರುತ್ತಿರುತ್ತದೆ; ಬಯಲುಸೀಮೆಯ ಕೊಳವೆ ಬಾವಿಗಳು ಇನ್ನಷ್ಟು ಆಳಕ್ಕೆ ಇಳಿಯುತ್ತಿವೆ. ನೀರು ಸಿಕ್ಕಿತೇ ಎಂದು ಕೇಳುವಷ್ಟೇ ಕಾಳಜಿಯಿಂದ, ಸಿಕ್ಕ ನೀರಿನಲ್ಲಿ ಏನಿದೆ ಎಂದೂ ಕೇಳಬೇಕಾದ ಕಾಲವಿದು.

ಕಾಣದ ಕಿರಣ, ಕಂಡ ಬೆಳಕು

1852. ಕೇಂಬ್ರಿಜ್‌ನ ವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣದ ಪಟ್ಟಿ ಮೂಡಿಸಿದ್ದರು. ಕ್ವಿನೈನ್ ದ್ರಾವಣ ತುಂಬಿದ ಕೊಳವೆಯೊಂದನ್ನು ಆ ಪಟ್ಟಿಯುದ್ದಕ್ಕೂ ನಿಧಾನವಾಗಿ ಸರಿಸುತ್ತಾ ಹೋದರು. ಕೆಂಪು, ಹಳದಿ, ಹಸಿರಿನಲ್ಲಿ ಏನೂ ಆಗಲಿಲ್ಲ. ನೇರಳೆಯ ಅಂಚಿಗೆ ಬಂದಾಗ ಕೊಳವೆ ನೀಲಿಯಾಗಿ ಹೊಳೆಯತೊಡಗಿತು. ಬಣ್ಣದ ಪಟ್ಟಿ ಮುಗಿದು ಕಣ್ಣಿಗೆ ಬರಿಯ ಕತ್ತಲೆ ಕಾಣುವ ಜಾಗಕ್ಕೆ ಸರಿಸಿದಾಗಲೂ ಹೊಳಪು ಆರಲಿಲ್ಲ.

ಕಾಣದ ಅತಿನೇರಳೆ ಕಿರಣವನ್ನು ಹೀರಿದ ಅಣು ಅದರ ಒಂದಿಷ್ಟು ಶಕ್ತಿಯನ್ನು ಶಾಖವಾಗಿ ಕಳೆದುಕೊಂಡು, ಉಳಿದುದನ್ನು ಕಾಣುವ ಬೆಳಕಾಗಿ ಹೊರಬಿಡುತ್ತಿತ್ತು. ಇದಕ್ಕೆ ಸ್ಟೋಕ್ಸ್ ಫ್ಲೋರಸೆನ್ಸ್ ಎಂದು ಹೆಸರಿಟ್ಟರು. ನಾವು ಪ್ರತಿದೀಪ್ತಿ ಎನ್ನುತ್ತೇವೆ. ಕ್ವಿನೈನ್‌ನ ಈ ನೀಲಿಯನ್ನು ಏಳು ವರ್ಷ ಮೊದಲೇ, 1845ರಲ್ಲಿ, ಜಾನ್ ಹರ್ಷಲ್ ಗಮನಿಸಿದ್ದರು. ಅದರ ಕಾರಣ ಬಿಡಿಸಿ ಹೇಳಿದವರು ಸ್ಟೋಕ್ಸ್.

ಲೋಹ ಹುಡುಕಲು ಈ ಬೆಳಕನ್ನು ಮೊದಲು ದುಡಿಸಿಕೊಂಡವರು ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಗೊಪ್ಪೆಲ್ಸ್‌ರೋಡರ್. ಬಟ್ಟೆಗೆ ಹಳದಿ ಬಣ್ಣ ಕಟ್ಟಲು ಬಳಸುತ್ತಿದ್ದ ಮರದ ಸಾರದಲ್ಲಿ ಮೋರಿನ್ ಎಂಬ ವಸ್ತುವಿದೆ. ಅಲ್ಯೂಮಿನಿಯಂ ಸೋಕಿದೊಡನೆ ಅದು ಹಸಿರಾಗಿ ಹೊಳೆಯುವುದನ್ನು ಅವರು 1867ರಲ್ಲಿ ತೋರಿಸಿದರು. ಇಂದಿನ ಶೋಧಕ ಅಣುಗಳ ವಂಶಾವಳಿ ಅಲ್ಲಿಂದ ಶುರು.

ಬಣ್ಣ ಬದಲಾಗುವ ಪರೀಕ್ಷೆಗಳು ಮೊದಲೇ ಇದ್ದವಲ್ಲ, ಹೊಳೆಯುವುದೇ ಏಕೆ ಬೇಕು? ತಿಳಿಗೆಂಪು ಇನ್ನೊಂದಿಷ್ಟು ತಿಳಿಯಾಯಿತೇ ಎಂದು ಬೆಳಕಿನಲ್ಲಿ ಗುರುತಿಸುವುದು ಕಷ್ಟ. ಕತ್ತಲೆಯಲ್ಲಿ ಸಣ್ಣ ಹೊಳಪು ಮೂಡಿತೇ ಎಂದು ನೋಡುವುದು ಸುಲಭ. ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿರುವ ವಸ್ತುವನ್ನು, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲನ್ನು ಹುಡುಕುವಾಗ ಈ ವ್ಯತ್ಯಾಸವೇ ನಿರ್ಣಾಯಕ.

> ಮನೆಯಲ್ಲೇ ನೋಡಿ
>
> ಟಾನಿಕ್ ವಾಟರ್‌ನ ಕಹಿ ಕ್ವಿನೈನ್‌ನದು. ಎರಡು ಗಾಜಿನ ಲೋಟಗಳಿಗೆ ಅದನ್ನು ಸುರಿದು, ಕೋಣೆ ಕತ್ತಲಾಗಿಸಿ, ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚ್ ಹಿಡಿದರೆ ಎರಡೂ ನೀಲಿಯಾಗಿ ಹೊಳೆಯುತ್ತವೆ. ಒಂದು ಲೋಟಕ್ಕೆ ಚಮಚ ಅಡುಗೆ ಉಪ್ಪು ಹಾಕಿ ಕಲಕಿ. ನೊರೆ ಇಳಿದ ಮೇಲೆ ನೋಡಿದರೆ ಅದರ ಹೊಳಪು ಕುಂದಿರುತ್ತದೆ. ಉಪ್ಪಿನ ಕ್ಲೋರೈಡ್ ಅಯಾನುಗಳು ಹೊಳಪನ್ನು ನುಂಗಿವೆ. ಟಾರ್ಚಿನ ಬೆಳಕನ್ನು ನೇರ ಕಣ್ಣಿಗೆ ಬಿಟ್ಟುಕೊಳ್ಳಬೇಡಿ.

ತೂಬು ಮುಚ್ಚುವ ಲೋಹ

ಮೋರಿನ್ ಮರದಲ್ಲಿ ಸಿಕ್ಕಿದ್ದು. ಬೇಕಾದ ಲೋಹಕ್ಕೆ ಬೇಕಾದ ಅಣುವನ್ನು ನಾವೇ ಕಟ್ಟುವ ಕಾಲ ಬಂದದ್ದು ನೂರು ವರ್ಷಗಳ ಮೇಲೆ.

ಅದರ ದೊಡ್ಡ ಹೆಸರು ರೋಜರ್ ಚೆನ್. 2008ರಲ್ಲಿ ಹಸಿರು ಹೊಳೆಯುವ ಪ್ರೋಟೀನಿಗಾಗಿ ಇನ್ನಿಬ್ಬರೊಂದಿಗೆ ನೊಬೆಲ್ ಪಡೆದ ಚೆನ್, ಅದಕ್ಕೂ ಬಹಳ ಮೊದಲು ಜೀವಕೋಶದೊಳಗಿನ ಕ್ಯಾಲ್ಸಿಯಂ ನೋಡಲು ಹೊರಟಿದ್ದರು. ಅಲ್ಲಿದ್ದ ತೊಡಕು ಸಣ್ಣದಲ್ಲ. ವಿಶ್ರಾಂತಿಯಲ್ಲಿರುವ ಜೀವಕೋಶದಲ್ಲಿ ಬಿಡಿಯಾಗಿ ಓಡಾಡುವ ಒಂದು ಕ್ಯಾಲ್ಸಿಯಂ ಅಯಾನಿಗೆ ಸುಮಾರು ಹತ್ತು ಸಾವಿರ ಮೆಗ್ನೀಸಿಯಂ ಅಯಾನುಗಳಿರುತ್ತವೆ. ಎರಡೂ ಒಂದೇ ಕುಟುಂಬದ ಲೋಹಗಳು, ವಿದ್ಯುದಾವೇಶವೂ ಒಂದೇ.

ಆದರೆ ಗಾತ್ರ ಬೇರೆ. ಕ್ಯಾಲ್ಸಿಯಂ ದೊಡ್ಡದು, ಮೆಗ್ನೀಸಿಯಂ ಚಿಕ್ಕದು. ಆಮ್ಲಜನಕ, ಸಾರಜನಕದ ಪರಮಾಣುಗಳನ್ನು ಸುತ್ತಲೂ ಇಟ್ಟು, ನಡುವೆ ಕ್ಯಾಲ್ಸಿಯಂ ಸರಿಯಾಗಿ ಕೂರುವಷ್ಟು ಜಾಗ ಬಿಟ್ಟ ಅಣುವೊಂದನ್ನು ಚೆನ್ 1980ರಲ್ಲಿ ಪ್ರಕಟಿಸಿದರು. ಚಿಕ್ಕ ಮೆಗ್ನೀಸಿಯಂ ಆ ಜಾಗದಲ್ಲಿ ನೆಲೆ ನಿಲ್ಲದು. ಅದೇ ವಿನ್ಯಾಸಕ್ಕೆ ಹೊಳೆಯುವ ತುಣುಕು ಬೆಸೆದು 1985ರಲ್ಲಿ ಬಂದದ್ದು ಫ್ಯೂರಾ-2. ಹೃದಯದ ಬಡಿತ, ನರಗಳ ಸಂದೇಶ, ಸ್ನಾಯುವಿನ ಸೆಳೆತದ ಹಿಂದಿನ ಕ್ಯಾಲ್ಸಿಯಂ ಏರಿಳಿತವನ್ನು ಸೂಕ್ಷ್ಮದರ್ಶಕದಡಿ ನೋಡಲು ಪ್ರಪಂಚದಾದ್ಯಂತ ಅದನ್ನು ಬಳಸಿದರು.

ಫ್ಯೂರಾ-2ಕ್ಕೆ ಇನ್ನೊಂದು ಗುಣವಿತ್ತು. 340 ನ್ಯಾನೋಮೀಟರ್ ಬೆಳಕು ಕೊಟ್ಟರೆ ಕ್ಯಾಲ್ಸಿಯಂ ಹೆಚ್ಚಿದಂತೆ ಹೊಳಪು ಹೆಚ್ಚುತ್ತದೆ; 380 ಕೊಟ್ಟರೆ ಹೊಳಪು ಇಳಿಯುತ್ತದೆ. ಎರಡನ್ನೂ ಅಳೆದು ಭಾಗಿಸಿದರೆ ಬಣ್ಣದ ವಸ್ತು ಹೆಚ್ಚು ಬಿತ್ತೇ, ದೀಪ ಮಂಕಾಯಿತೇ ಎಂಬ ಚಿಂತೆ ಇರುವುದಿಲ್ಲ. ನೀರಿನ ಪರೀಕ್ಷೆಗೂ ಬಲು ಬೇಕಾದ ಗುಣವಿದು.

ಎರಡನೆಯ ಹೆಸರು ನಮ್ಮ ನೆರೆಯ ಶ್ರೀಲಂಕಾದ್ದು. ಕೊಲಂಬೊದಲ್ಲಿ ಓದಿ, ಉತ್ತರ ಐರ್ಲೆಂಡಿನ ಬೆಲ್ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಎ. ಪ್ರಸನ್ನ ಡಿ ಸಿಲ್ವಾ. ಹೊಳೆಯುವ ಭಾಗ, ಲೋಹ ಹಿಡಿಯುವ ಭಾಗ, ನಡುವೆ ಸಣ್ಣದೊಂದು ಕೊಂಡಿ: ಅಣುವನ್ನು ಹೀಗೆ ಮೂರಾಗಿ ಬಿಡಿಸಿ ಕಟ್ಟುವ ವಿಧಾನವನ್ನು ಅವರು ಬೆಳೆಸಿದರು. ಈ ಕ್ಷೇತ್ರದ ಅತ್ಯಂತ ಅಚ್ಚುಕಟ್ಟಾದ ಯೋಚನೆ ಇದೇ ಎಂದು ನನಗನಿಸುತ್ತದೆ.

ಲೋಹ ಹಿಡಿಯುವ ಭಾಗದಲ್ಲಿ ಸಾರಜನಕದ ಪರಮಾಣುವಿದೆ, ಅದರಲ್ಲಿ ಬಂಧಕ್ಕೆ ಸಿಲುಕದ ಒಂದು ಜೊತೆ ಎಲೆಕ್ಟ್ರಾನುಗಳಿವೆ. ಹೊಳೆಯುವ ಭಾಗ ಬೆಳಕು ಹೀರಿ ಉದ್ರೇಕಗೊಂಡ ಕೂಡಲೇ ಆ ಜೊತೆಯಿಂದ ಒಂದು ಎಲೆಕ್ಟ್ರಾನು ಈ ಕಡೆ ಜಿಗಿಯುತ್ತದೆ. ಬೆಳಕಾಗಬೇಕಿದ್ದ ಶಕ್ತಿ ಆ ಜಿಗಿತದಲ್ಲೇ ಸೋರಿಹೋಗುತ್ತದೆ. ಗದ್ದೆಗೆ ಹೊರಟ ನೀರು ಕಾಲುವೆಯ ನಡುವಿನ ತೂಬಿನಿಂದ ಬೇರೆಡೆ ಹರಿದು ಪೋಲಾದ ಹಾಗೆ. ಲೋಹದ ಅಯಾನು ಬಂದು ಸಾರಜನಕದ ಎಲೆಕ್ಟ್ರಾನು ಜೊತೆಯನ್ನು ಹಿಡಿದುಕೊಂಡರೆ ತೂಬು ಮುಚ್ಚಿತು. ಜಿಗಿತ ನಿಂತು ಬೆಳಕು ಹೊರಬರುತ್ತದೆ.

ಈ ತತ್ವ ಪ್ರಬಂಧದಲ್ಲೇ ಉಳಿಯಲಿಲ್ಲ. ರಕ್ತದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಳೆಯುವ ಪುಟ್ಟ ಕ್ಯಾಸೆಟ್ಟಾಗಿ ಆಸ್ಪತ್ರೆಗಳಿಗೂ ಆಂಬುಲೆನ್ಸುಗಳಿಗೂ ಹೋಯಿತು. ಒಂದು ಹನಿ ರಕ್ತ ಹಾಕಿ ಕ್ಯಾಸೆಟ್ಟನ್ನು ಯಂತ್ರಕ್ಕೆ ತೂರಿಸಿದರೆ ತುಸು ಹೊತ್ತಿನಲ್ಲೇ ಅಂಕಿಗಳು ಬರುತ್ತವೆ.

ಇಲ್ಲೊಂದು ಸಂಗತಿ ಗಮನಿಸಬೇಕು. ರಕ್ತ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ: ಅದೇ ಉಪ್ಪು, ಅದೇ ಆಮ್ಲೀಯತೆ, ಹುಡುಕುವ ಸೋಡಿಯಂ ಧಾರಾಳ. ನೀರು ಹಾಗಲ್ಲ. ಒಂದು ಬಾವಿಯದು ಗಡಸು, ಪಕ್ಕದ ಕೆರೆಯದು ಕೆಸರು, ನಲ್ಲಿಯದಕ್ಕೆ ಕ್ಲೋರಿನ್. ಹುಡುಕಬೇಕಾದ್ದು ಮಾತ್ರ ಎಲ್ಲೆಡೆಯೂ ಅತ್ಯಲ್ಪ.

ಲೆಕ್ಕ ಹಾಕಿ ನೋಡಿ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಸೀಸ ಅಪಾಯದ ಗಡಿಯಲ್ಲಿದೆ, ಅಂದರೆ 10 ಮೈಕ್ರೋಗ್ರಾಂ ಇದೆ ಎಂದುಕೊಳ್ಳೋಣ. ಆಗ ಒಂದು ಸೀಸದ ಅಯಾನಿಗೆ ಸುಮಾರು 20 ಸಾವಿರ ಕ್ಯಾಲ್ಸಿಯಂ ಅಯಾನುಗಳು. ಪಾದರಸದ ಗಡಿ ಇನ್ನೂ ಕೆಳಗೆ. ಅಲ್ಲಿ ಒಂದಕ್ಕೆ ಸುಮಾರು 2 ಲಕ್ಷ.

ಗೋಬಿಯ ಬಣ್ಣ, ಮಿನಮಾಟದ ವಿಷ

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ನೆನಪಿರಬಹುದು. ಆಗ ಎಲ್ಲರ ಬಾಯಲ್ಲಿದ್ದ ಹೆಸರು ರೋಡಮೈನ್-ಬಿ. ತಿನ್ನಲು ತಕ್ಕದ್ದಲ್ಲದ ಆ ಕಡುಗುಲಾಬಿ ಬಣ್ಣವೇ ಲೋಹದ ಶೋಧಕ ಅಣುಗಳ ದೊಡ್ಡ ಮನೆತನವೊಂದಕ್ಕೆ ಮೂಲ.

ರೋಡಮೈನ್ ಅಣುವಿನ ಒಂದು ತುದಿಯನ್ನು ಮಡಚಿ ಉಂಗುರವಾಗಿ ಕಟ್ಟಿಬಿಟ್ಟರೆ ಬಣ್ಣವೂ ಹೋಗುತ್ತದೆ, ಹೊಳಪೂ ಹೋಗುತ್ತದೆ. ಉಂಗುರ ಬಿಚ್ಚಿದರೆ ಎರಡೂ ಮರಳುತ್ತವೆ. ಅಮೆರಿಕದ ಆಂಟನಿ ಚಾರ್ನಿಕ್ ಮತ್ತು ಸಂಗಡಿಗರು 1997ರಲ್ಲಿ, ತಾಮ್ರ ಸೋಕಿದರೆ ಮಾತ್ರ ಬಿಚ್ಚಿಕೊಳ್ಳುವಂಥ ಉಂಗುರವನ್ನು ರೋಡಮೈನ್-ಬಿಗೆ ಕಟ್ಟಿದರು. ಬಣ್ಣವಿಲ್ಲದ ದ್ರಾವಣಕ್ಕೆ ತಾಮ್ರ ಬಿದ್ದರೆ ಅದು ಗುಲಾಬಿಯಾಗಿ ಹೊಳೆಯುವ ರೋಡಮೈನ್ ಆಗುತ್ತದೆ.

ಇದರ ಹೆಚ್ಚುಗಾರಿಕೆ ಅರಿಯಲು ತಾಮ್ರದ ಸ್ವಭಾವ ತಿಳಿದಿರಬೇಕು. ಜೊತೆಯಿಲ್ಲದ ಎಲೆಕ್ಟ್ರಾನೊಂದನ್ನು ಇಟ್ಟುಕೊಂಡಿರುವ ತಾಮ್ರದ ಅಯಾನು ಹತ್ತಿರದ ಹೊಳಪನ್ನು ನುಂಗಿಹಾಕುತ್ತದೆ. ಪಾದರಸ ತನ್ನ ಭಾರದಿಂದಲೇ ಬೆಳಕನ್ನು ಕುಂದಿಸುತ್ತದೆ. ಯಾವ ಲೋಹಗಳನ್ನು ತುರ್ತಾಗಿ ಪತ್ತೆಹಚ್ಚಬೇಕೋ ಅವೇ ದೀಪ ಆರಿಸುವ ಲೋಹಗಳು. ಆರುವುದನ್ನೇ ಗುರುತಾಗಿ ಹಿಡಿದರೆ ನಂಬುವುದು ಕಷ್ಟ, ಏಕೆಂದರೆ ಹೊಳಪು ಆರಲು ಬೇರೆ ಕಾರಣಗಳೂ ಇವೆ. ಟಾನಿಕ್ ವಾಟರಿಗೆ ಹಾಕಿದ ಉಪ್ಪು ಮಾಡಿದ್ದೂ ಅದನ್ನೇ. ಉಂಗುರ ಬಿಚ್ಚುವ ವಿಧಾನದಲ್ಲಿ ಲೋಹ ತನ್ನ ಕೆಲಸ ಮುಗಿಸಿ ದೂರ ಸರಿಯುತ್ತದೆ, ಬೆಳಕು ಉಳಿಯುತ್ತದೆ.

ಪಾದರಸಕ್ಕೂ ಇದೇ ಉಪಾಯ ನಡೆಯಿತು. ಪಾದರಸಕ್ಕೆ ಗಂಧಕವೆಂದರೆ ಬಿಡದ ಸೆಳೆತ. 2005ರಲ್ಲಿ ದಕ್ಷಿಣ ಕೊರಿಯದ ವಿಜ್ಞಾನಿಗಳು ಗಂಧಕವಿರುವ ಬಾಲವೊಂದನ್ನು ರೋಡಮೈನ್‌ಗೆ ಜೋಡಿಸಿದರು. ಪಾದರಸ ಬಂದು ಆ ಗಂಧಕವನ್ನು ಕಿತ್ತುಕೊಂಡು ಹೋಗುತ್ತದೆ, ಉಳಿದ ಅಣು ಉಂಗುರ ಬಿಚ್ಚಿಕೊಂಡು ಹೊಳೆಯುತ್ತದೆ. ಆರಂಭದಲ್ಲಿ ಕಂಡ ಕಿತ್ತಳೆ ಶೀಶೆಯ ಹಿಂದೆ ಕೆಲಸ ಮಾಡುವುದು ಇಂಥ ರಸಾಯನವೇ.

ಪಾದರಸವನ್ನು ಬೇಗ ಗುರುತಿಸುವುದಕ್ಕೆ ಏಕಿಷ್ಟು ಹಂಬಲ? ಜಪಾನಿನ ಮಿನಮಾಟ ಕೊಲ್ಲಿಯ ಮೀನುಗಾರರ ಊರುಗಳಲ್ಲಿ ಬೆಕ್ಕುಗಳು ಸೆಟೆದು ಸಾಯತೊಡಗಿದ್ದವು. ಮಕ್ಕಳು ನಡೆಯಲಾರದೆ, ಮಾತು ತೊದಲಿ ಆಸ್ಪತ್ರೆ ಸೇರಿದ್ದರು. ರೋಗ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ವಿಷ ಲೋಹದ್ದೆಂಬ ಅನುಮಾನ ಬೇಗನೇ ಬಂತು, ಯಾವ ಲೋಹವೆಂದು ತಿಳಿಯಲಿಲ್ಲ. ಮ್ಯಾಂಗನೀಸ್ ಇರಬಹುದೇ, ಥ್ಯಾಲಿಯಂ ಇರಬಹುದೇ, ಸೆಲೆನಿಯಂ ಇರಬಹುದೇ ಎಂದು ಕುಮಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಒಂದೊಂದನ್ನೂ ತಡಕಿದರು. ಸಾವಯವ ಪಾದರಸವೆಂದು ಹೇಳಲು 1959 ಬರಬೇಕಾಯಿತು. ಅಷ್ಟೂ ಕಾಲ ಜನ ಆ ಮೀನನ್ನೇ ತಿನ್ನುತ್ತಿದ್ದರು. ಅಲ್ಲಿನ ಕಾರ್ಖಾನೆಯೊಂದು ಹೊರಬಿಡುತ್ತಿದ್ದ ಪಾದರಸ ಕೊಲ್ಲಿ ಸೇರುವುದು ನಿಂತದ್ದು 1968ರಲ್ಲಿ.

> ಎಷ್ಟಿದ್ದರೆ ಅಪಾಯ?
>
> ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿದ ಗರಿಷ್ಠ ಮಿತಿಗಳು, ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ:
>
> ಪಾದರಸ: 1
> ಕ್ಯಾಡ್ಮಿಯಂ: 3
> ಸೀಸ: 10
> ಯುರೇನಿಯಂ: 30

ಲೋಹ ಸಿಕ್ಕರೆ ಕತ್ತರಿಸುವ ಡಿಎನ್‌ಎ

ಸೀಸಕ್ಕೆ ಇನ್ನೊಂದೇ ದಾರಿ ಹೊಳೆಯಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಯಿ ಲು ಮತ್ತು ಜಿಂಗ್ ಲಿ 2000ದಲ್ಲಿ ಡಿಎನ್‌ಎಯನ್ನೇ ಶೋಧಕವಾಗಿ ದುಡಿಸಿಕೊಂಡರು. ಡಿಎನ್‌ಎ ಎಂದರೆ ವಂಶವಾಹಿ ಎಂದಷ್ಟೇ ನಮಗೆ ಗೊತ್ತು. ಆದರೆ ಕೆಲವು ಡಿಎನ್‌ಎ ಎಳೆಗಳು ನಿರ್ದಿಷ್ಟ ಲೋಹ ಸಿಕ್ಕಾಗ ಇನ್ನೊಂದು ಎಳೆಯನ್ನು ಕತ್ತರಿಸಬಲ್ಲವು. ಅವರು ಒಂದು ಎಳೆಗೆ ಹೊಳೆಯುವ ಅಣುವನ್ನು, ಜೊತೆಯ ಎಳೆಗೆ ಹೊಳಪು ನುಂಗುವ ಅಣುವನ್ನು ಕಟ್ಟಿದರು. ಎರಡೂ ಹೆಣೆದುಕೊಂಡಿರುವಾಗ ಕತ್ತಲೆ. ಸೀಸ ಬಂದರೆ ಎಳೆ ತುಂಡಾಗಿ, ಹೊಳೆಯುವ ತುಣುಕು ಕಳಚಿಕೊಂಡು ಬೆಳಗುತ್ತದೆ.

ಇಲ್ಲಿ ಒಂದು ಸೊಗಸಿದೆ. ಇಂಥದೇ ಆಕಾರ ಬೇಕೆಂದು ವಿಜ್ಞಾನಿ ಲೆಕ್ಕ ಹಾಕಿ ಅಣು ಕಟ್ಟಬೇಕಿಲ್ಲ. ಕೋಟ್ಯಂತರ ಬಗೆಯ ಡಿಎನ್‌ಎ ಎಳೆಗಳನ್ನು ಲೋಹದ ಮುಂದಿಟ್ಟು, ಸರಿಯಾಗಿ ಕೆಲಸ ಮಾಡಿದವನ್ನು ಮಾತ್ರ ಆರಿಸಿ, ಮತ್ತೆ ಬೆಳೆಸಿ, ಮತ್ತೆ ಆರಿಸಬಹುದು. ಅದೇ ತಂಡ 2007ರಲ್ಲಿ ಯುರೇನಿಯಂಗೂ ಇಂಥ ಶೋಧಕವನ್ನು ಪ್ರಕಟಿಸಿತು. ಲೀಟರಿಗೆ ಸುಮಾರು 11 ನ್ಯಾನೋಗ್ರಾಂ ಇದ್ದರೂ ಅದು ಹಿಡಿಯಬಲ್ಲದು. ನಮ್ಮ ಕುಡಿಯುವ ನೀರಿನ ಮಿತಿಯ ಎರಡು ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅದು.

ಪ್ರಯೋಗಾಲಯದ ನೀರು, ಊರಿನ ನೀರು

ಹಾಗಾದರೆ ಸಮಸ್ಯೆ ಮುಗಿಯಿತಲ್ಲ ಎನಿಸಬಹುದು. ಮುಗಿದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಈ ಕ್ಷೇತ್ರದಲ್ಲಿ ಹೊಸ ಅಣುಗಳಿಗೆ ಬರವಿಲ್ಲ, ಭಾರತದ ವಿಶ್ವವಿದ್ಯಾಲಯಗಳಿಂದಲೂ ಧಾರಾಳವಾಗಿ ಬರುತ್ತಿವೆ. ಅವುಗಳಲ್ಲಿ ಎಷ್ಟೋ ಅಣುಗಳು ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಹಾಗಾಗಿ ಅಸಿಟೋನೈಟ್ರೈಲ್, ಮೆಥನಾಲ್‌ನಂಥ ದ್ರಾವಕಕ್ಕೆ ಒಂದಿಷ್ಟು ನೀರು ಬೆರೆಸಿ ಪರೀಕ್ಷೆ ನಡೆಯುತ್ತದೆ. ಆಮ್ಲೀಯತೆ ಕದಲದಂತೆ ಬಫರ್ ಹಾಕಿರುತ್ತಾರೆ. ಶುದ್ಧ ಲವಣವನ್ನು ತೂಗಿ ಕರಗಿಸಿ ಹಾಕಿರುತ್ತಾರೆ. ಶೀಶೆ ಹೊಳೆಯುತ್ತದೆ, ಪ್ರಬಂಧ ಪ್ರಕಟವಾಗುತ್ತದೆ, ಮುಂದಿನ ಅಣುವಿನ ಕೆಲಸ ಶುರುವಾಗುತ್ತದೆ.

ಕೆರೆಯ ನೀರು ಅದೇ ಅಣುವಿಗೆ ಬೇರೆಯೇ ಪರೀಕ್ಷೆ ಒಡ್ಡುತ್ತದೆ. ಕೊಳೆತ ಎಲೆಗಳಿಂದ ಬಂದ ಹ್ಯೂಮಿಕ್ ವಸ್ತುಗಳು ಅತಿನೇರಳೆ ಬೆಳಕಿನಲ್ಲಿ ತಾವೇ ನೀಲಿಯಾಗಿ ಹೊಳೆಯುತ್ತವೆ. ಲೋಹವನ್ನು ತಬ್ಬಿ ಹಿಡಿದು ಶೋಧಕಕ್ಕೆ ಸಿಗದಂತೆಯೂ ಮಾಡುತ್ತವೆ. ನಲ್ಲಿ ನೀರಿನ ಕ್ಲೋರಿನ್ ಬಣ್ಣದ ಅಣುವನ್ನೇ ಒಡೆಯಬಲ್ಲದು. ಸೀಸವಂತೂ ಅನೇಕ ಸಲ ಕರಗಿದ ಅಯಾನಾಗಿರದೆ ಸೂಕ್ಷ್ಮ ಕಣವಾಗಿ ಬರುತ್ತದೆ. ಶೋಧಕ ಅಣುವಿಗೆ ಕಾಣುವುದು ಬಿಡಿ ಅಯಾನು, ಹೊಟ್ಟೆಗೆ ಹೋಗುವುದು ಎರಡೂ. ಆಮ್ಲ ಹಾಕಿ ಕಣವನ್ನು ಕರಗಿಸಿಕೊಳ್ಳದೆ ಪರೀಕ್ಷೆ ಮಾಡಿದರೆ ಕೆಟ್ಟ ನೀರಿಗೂ ಒಳ್ಳೆಯದೆಂಬ ವರದಿ ಸಿಕ್ಕೀತು.

ಸುಳ್ಳು ಎಚ್ಚರಿಕೆಗಿಂತ ಸುಳ್ಳು ಭರವಸೆ ಹೆಚ್ಚು ಅಪಾಯಕಾರಿ. ಆದ್ದರಿಂದಲೇ ಖಚಿತ ಮಾತಿಗೆ ಇಂದಿಗೂ ಐಸಿಪಿ-ಎಂಎಸ್ ಎಂಬ ದೊಡ್ಡ ಯಂತ್ರವೇ ಬೇಕು. ಆರ್ಗಾನ್ ಅನಿಲದ ಪ್ಲಾಸ್ಮಾದಲ್ಲಿ ನೀರಿನ ಹನಿಯನ್ನು ಸಾವಿರಾರು ಡಿಗ್ರಿಗೆ ಸುಟ್ಟು, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರ ಅದು. ದುಬಾರಿ, ನುರಿತ ಕೈ ಬೇಕು, ಹವಾನಿಯಂತ್ರಿತ ಕೋಣೆ ಬೇಕು. ತಾಲ್ಲೂಕು ಕೇಂದ್ರದಲ್ಲಿ ಅದನ್ನು ನಿರೀಕ್ಷಿಸಲಾಗದು.

> ರಾಮನ್ ಬೆಳಕಿನ ಅಳತೆಗೋಲು
>
> ಪರಿಶುದ್ಧ ನೀರಿಗೂ ಬೆಳಕು ಹಾಯಿಸಿದರೆ ಅತಿ ಸಣ್ಣ ಸಂಕೇತವೊಂದು ಮರಳಿ ಬರುತ್ತದೆ. ಇಂಥ ಮಂದ ಬೆಳಕು 1920ರ ದಶಕದಲ್ಲಿ ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ತಂಡಕ್ಕೆ ಕಂಡಾಗ, ದುರ್ಬಲ ಪ್ರತಿದೀಪ್ತಿ ಇರಬಹುದೇ ಎಂಬ ಅನುಮಾನ ಬಂದಿತ್ತು. ಅದು ಪ್ರತಿದೀಪ್ತಿಯಲ್ಲ, ಹೊಸ ಬಗೆಯ ಚದುರುವಿಕೆ ಎಂದು 1928ರಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ತೋರಿಸಿದರು. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಇಂದು ಹೊಳಪು ಅಳೆಯುವ ಯಂತ್ರ ಎಷ್ಟು ಸೂಕ್ಷ್ಮವೆಂದು ಪರೀಕ್ಷಿಸಲು ಬಳಸುವುದು ಶುದ್ಧ ನೀರಿನ ರಾಮನ್ ಸಂಕೇತವನ್ನೇ: 350 ನ್ಯಾನೋಮೀಟರ್ ಬೆಳಕು ಕೊಟ್ಟರೆ ಅದು 397ರ ಆಸುಪಾಸಿನಲ್ಲಿ ಕಾಣುತ್ತದೆ.

ಬಯಲುಸೀಮೆಯ ಬಂಡೆಯೊಳಗಿಂದ

ಪ್ರಯೋಗಾಲಯ ಬಿಟ್ಟು ಊರಿಗೆ ಬಂದು ಗೆದ್ದ ಒಂದು ಉದಾಹರಣೆ ನಮ್ಮ ಬಳಿಯೇ ಇದೆ.

ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ತಂಡ 2021ರಲ್ಲಿ ವರದಿ ಪ್ರಕಟಿಸಿತು. 57 ಹಳ್ಳಿಗಳಲ್ಲಿ ಯುರೇನಿಯಂ 30 ಮೈಕ್ರೋಗ್ರಾಂ ಮಿತಿ ದಾಟಿತ್ತು. 48 ಹಳ್ಳಿಗಳಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಒಪ್ಪಿದ 60ರ ಮಿತಿಯನ್ನೂ ಮೀರಿತ್ತು. ಕೆಲವೆಡೆ ಸಾವಿರ ದಾಟಿತ್ತು.

ಇದು ಯಾವ ಕಾರ್ಖಾನೆಯ ಕೊಡುಗೆಯೂ ಅಲ್ಲ. ನಮ್ಮ ಹಳೆಯ ಗ್ರಾನೈಟ್, ನೈಸ್ ಬಂಡೆಗಳಲ್ಲೇ ಅಲ್ಪಸ್ವಲ್ಪ ಯುರೇನಿಯಂ ಇದೆ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರಿನ ಬೈಕಾರ್ಬೊನೇಟ್ ಅದನ್ನು ಕರಗಿಸಿಕೊಳ್ಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ತೆರೆದ ಬಾವಿಗಳು ಬತ್ತಿ, ಸಾವಿರ ಅಡಿ ದಾಟಿ ಕೊರೆಯುವಂತಾದ ಮೇಲೆ ನಾವು ಕುಡಿಯುತ್ತಿರುವುದು ಆ ಬಿರುಕಿನ ನೀರನ್ನು. ಯುರೇನಿಯಂನ ಪೆಟ್ಟು ಮುಖ್ಯವಾಗಿ ಮೂತ್ರಪಿಂಡಕ್ಕೆ, ಅದೂ ವಿಕಿರಣಕ್ಕಿಂತ ಹೆಚ್ಚಾಗಿ ಲೋಹದ ರಾಸಾಯನಿಕ ಗುಣದಿಂದ.

ಯುರೇನಿಯಂಗೆ ಬೇರೆ ಶೋಧಕ ಅಣು ಕಟ್ಟಲೇಬೇಕೆಂದಿಲ್ಲ, ಏಕೆಂದರೆ ಅದು ತಾನೇ ಹೊಳೆಯಬಲ್ಲದು. ಎರಡು ಆಮ್ಲಜನಕ ಪರಮಾಣುಗಳನ್ನು ಅಂಟಿಸಿಕೊಂಡ ಯುರನೈಲ್ ರೂಪದಲ್ಲಿ ಅದು ನೀರಿನಲ್ಲಿರುತ್ತದೆ, ಅತಿನೇರಳೆ ಬೆಳಕಿಗೆ ಹಸಿರಾಗಿ ಬೆಳಗುತ್ತದೆ. ಪ್ಯಾರಿಸ್ಸಿನ ಹೆನ್ರಿ ಬೆಕೆರೆಲ್ 1896ರಲ್ಲಿ ಯುರೇನಿಯಂ ಲವಣವನ್ನೇ ಕೈಗೆತ್ತಿಕೊಂಡದ್ದು ಈ ಹೊಳಪಿನ ಬೆನ್ನು ಹತ್ತಿ. ಮೋಡ ಕವಿದು ಬಿಸಿಲು ಸಿಗದೆ ಡ್ರಾಯರಿನಲ್ಲಿಟ್ಟ ಛಾಯಾಚಿತ್ರದ ಫಲಕದ ಮೇಲೂ ಲವಣದ ಅಚ್ಚು ಮೂಡಿತ್ತು. ವಿಕಿರಣಶೀಲತೆ ಹಾಗೆ ಬೆಳಕಿಗೆ ಬಂತು.

ಆದರೆ ಕೊಳವೆ ಬಾವಿಯ ನೀರಿನಲ್ಲಿ ಯುರನೈಲ್ ಸುಮ್ಮನೆ ಹೊಳೆಯದು. ಕಾರ್ಬೊನೇಟ್, ಕ್ಯಾಲ್ಸಿಯಂ ಅದನ್ನು ಸುತ್ತುವರಿದು ಹೊಳಪನ್ನು ಅಡಗಿಸಿರುತ್ತವೆ. ಕ್ಲೋರೈಡ್, ಕಬ್ಬಿಣವೂ ಕುಂದಿಸುತ್ತವೆ. ಅದಕ್ಕೆ ಕಂಡುಕೊಂಡ ಮದ್ದು ಸೋಡಿಯಂ ಪೈರೊಫಾಸ್ಫೇಟ್ ಎಂಬ ಅಗ್ಗದ ಲವಣ. ಕೆಲವು ಮಿಲಿಲೀಟರ್ ನೀರಿಗೆ ಅದರ ದ್ರಾವಣ ಬೆರೆಸಿದರೆ ಯುರನೈಲನ್ನು ಇತರರ ಹಿಡಿತದಿಂದ ಬಿಡಿಸಿ ತಾನು ಸುತ್ತುವರಿಯುತ್ತದೆ, ಹಸಿರು ಮರಳುತ್ತದೆ.

ಸ್ಫಟಿಕದ ಪುಟ್ಟ ಪಾತ್ರೆಯಲ್ಲಿ ಆ ನೀರನ್ನಿಟ್ಟು ಎಲ್ಇಡಿ ಬೆಳಕನ್ನು ಮಿಣುಕು ಮಿಣುಕಾಗಿ ಹಾಯಿಸುತ್ತಾರೆ. ಮಿಣುಕು ಮುಗಿದೊಡನೆ ಯಂತ್ರ ಒಂದು ಕ್ಷಣ ಕಾಯುತ್ತದೆ. ಹ್ಯೂಮಿಕ್ ವಸ್ತುಗಳ ನೀಲಿ ನ್ಯಾನೋಸೆಕೆಂಡುಗಳಲ್ಲೇ ಆರಿಹೋಗುತ್ತದೆ. ಯುರನೈಲ್‌ನ ಹಸಿರು ಮೈಕ್ರೋಸೆಕೆಂಡುಗಳ ಕಾಲ ಉಳಿಯುತ್ತದೆ. ಉಳಿದದ್ದನ್ನಷ್ಟೇ ಯಂತ್ರ ಅಳೆಯುತ್ತದೆ.

ಮುಂದಿನ ಹೆಜ್ಜೆಯನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಒಂದೊಂದು ಊರಿನ ನೀರು ಹೊಳಪನ್ನು ಒಂದೊಂದು ಪ್ರಮಾಣದಲ್ಲಿ ಕುಂದಿಸುತ್ತದಲ್ಲ, ಅದಕ್ಕಾಗಿ ಅದೇ ನೀರಿಗೆ ಗೊತ್ತಿದ್ದಷ್ಟು ಯುರೇನಿಯಂ ಸೇರಿಸಿ ಮತ್ತೊಮ್ಮೆ ಅಳೆಯುತ್ತಾರೆ. ಸೇರಿಸಿದ್ದಕ್ಕೆ ಹೊಳಪು ಎಷ್ಟು ಏರಿತೆಂಬುದರಿಂದ ಮೊದಲು ಇದ್ದದ್ದೆಷ್ಟೆಂದು ಲೆಕ್ಕ ಸಿಗುತ್ತದೆ. ನೀರಿನ ದೋಷವನ್ನು ಆ ನೀರಿನಿಂದಲೇ ತಿದ್ದಿಕೊಂಡಂತಾಯಿತು. ಸೂಟ್‌ಕೇಸಿನಲ್ಲಿ ಒಯ್ಯಬಹುದಾದ ಇಂಥ ಎಲ್ಇಡಿ ಫ್ಲೋರಿಮೀಟರುಗಳು ಇಂದೋರ್‌ನಲ್ಲಿ ತಯಾರಾಗುತ್ತವೆ. ಭಾಭಾ ಅಣು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ದೇಶದಾದ್ಯಂತ ನಡೆದ ಯುರೇನಿಯಂ ಸಮೀಕ್ಷೆಯಲ್ಲಿ ಬಳಕೆಯಾದದ್ದೂ ಈ ಬಗೆಯ ಯಂತ್ರಗಳೇ.

ಹೊಸ ಅಣು ಕಟ್ಟುವವರು ಈ ಯಂತ್ರದಿಂದ ಕಲಿಯುವುದು ಬಹಳವಿದೆ. ಅದರಲ್ಲಿರುವ ರಸಾಯನ ಹಳೆಯದು, ಪ್ರಬಂಧಕ್ಕೆ ಹೊಸತನ ಸಾಲದು. ಆದರೆ ಅದನ್ನು ರೂಪಿಸಿದವರು ಗಡಸು ನೀರನ್ನೂ ಕೆಸರು ನೀರನ್ನೂ ಮೊದಲ ದಿನದಿಂದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಸೀಸ, ಪಾದರಸ, ಕ್ಯಾಡ್ಮಿಯಂನ ಶೋಧಕಗಳೂ ಇದೇ ದಾರಿ ಹಿಡಿಯಬೇಕು. ಹೊಸ ಅಣುವೊಂದನ್ನು ಒಪ್ಪುವ ಮೊದಲು ಹತ್ತು ಊರಿನ ನೀರಿನಲ್ಲಿ, ಐಸಿಪಿ-ಎಂಎಸ್ ಕೊಟ್ಟ ಅಂಕಿಯ ಪಕ್ಕದಲ್ಲಿಟ್ಟು ತೋರಿಸಿ ಎಂದು ನಿಯತಕಾಲಿಕೆಗಳು ಪಟ್ಟು ಹಿಡಿಯಬೇಕು.

ಬಳಸುವ ಕೈಗಳು ಆಗಲೇ ಸಿದ್ಧವಿವೆ. ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರಿನ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಿದೆ. ಹನಿ ಎಣಿಸಿ ಹಾಕಿ, ಕುಲುಕಿ, ಬಣ್ಣದ ಪಟ್ಟಿಗೆ ಹೋಲಿಸಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಹೇಳುವುದನ್ನು ಅವರು ಕಲಿಯುತ್ತಾರೆ. ಯುರೇನಿಯಂ, ಸೀಸ, ಪಾದರಸ ಆ ಪೆಟ್ಟಿಗೆಯಲ್ಲಿಲ್ಲ. ಹೊಳೆಯುವ ಅಣುವಿನ ಪಟ್ಟಿಯೊಂದು, ಸಣ್ಣ ಎಲ್ಇಡಿ, ಬೆಳಕು ಬಾರದ ಡಬ್ಬಿ, ಹೊಳಪು ಓದಲು ಮೊಬೈಲಿನ ಕ್ಯಾಮೆರಾ: ಬೇಕಾದ ಸಾಮಗ್ರಿ ಇಷ್ಟೇ. ಒಮ್ಮೆ ಹೊಳೆದು ಮುಗಿಯುವ ರೋಡಮೈನ್ ಬಗೆಯ ಶೋಧಕ ಇಲ್ಲಿಗೆ ಸಾಕು, ಪಟ್ಟಿಯನ್ನು ಹೇಗೂ ಎಸೆಯುತ್ತೇವೆ.

ಅಂಥ ಪಟ್ಟಿ ಬರುವವರೆಗೆ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಆಳದ ಕೊಳವೆ ಬಾವಿಯ ನೀರನ್ನು ಕುಡಿಯಲು ಬಳಸುವವರು ಪರೀಕ್ಷೆಗೆ ಕೊಡುವಾಗ ಯುರೇನಿಯಂ ಎಂದು ಹೆಸರು ಹೇಳಿಯೇ ಕೇಳಬೇಕು, ಏಕೆಂದರೆ ಸಾಮಾನ್ಯ ಪರೀಕ್ಷೆಯ ಪಟ್ಟಿಯಲ್ಲಿ ಆ ಸಾಲು ಇರುವುದಿಲ್ಲ. ಪಂಪು ಕೆಲವು ನಿಮಿಷ ಓಡಿದ ಮೇಲೆ, ಆ ನೀರಿನಲ್ಲೇ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾದರಿ ಹಿಡಿಯಿರಿ. ಆಮ್ಲ ಹಾಕಿಡಬೇಕೇ ಎಂದು ಪ್ರಯೋಗಾಲಯವನ್ನು ಮೊದಲೇ ವಿಚಾರಿಸಿ. ಮಿತಿ ದಾಟಿದ್ದರೆ ಕುದಿಸಿ ಪ್ರಯೋಜನವಿಲ್ಲ, ಆವಿಯಾಗುವುದು ನೀರು ಮಾತ್ರ. ಸರಿಯಾಗಿ ನೋಡಿಕೊಂಡ ಆರ್‌ಒ ಘಟಕ ಯುರೇನಿಯಂನ ಬಹುಪಾಲನ್ನು ತಡೆಯುತ್ತದೆ. ಅದು ಹೊರಬಿಡುವ ನೀರಿನಲ್ಲಿ ಲೋಹ ಇನ್ನೂ ಸಾಂದ್ರವಾಗಿರುವುದರಿಂದ ಅದನ್ನು ಮತ್ತೆ ಬಾವಿಗೆ ಇಂಗಿಸಬೇಡಿ. ಮುಂಗಾರು ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಮಳೆ ಬಂದು ಹೋದ ನಂತರ ಅಂಕಿ ಬದಲಾಗಿರಬಹುದು.